ಶಾಲೆ ಬಿಡಲೇ, ಉಳಿಯಲೇ? ಅತಿಥಿ ಶಿಕ್ಷಕರ ಪ್ರಶ್ನೆ ಮತ್ತು ನಮ್ಮ ಹೊಣೆ

ಕಳೆದ ಬೇಸಗೆ ರಜೆಯಲ್ಲಿ ಭಕ್ತರೊಬ್ಬರ ಮಗಳು ಶ್ರೀಮಠದ ಕಾರ್ಯಾಲಯಕ್ಕೆ ಬಂದಿದ್ದರು. ಕನ್ನಡ ಎಂ.ಎ., ಬಿ.ಇಡಿ. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗಿ, ನಾಲ್ಕು ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯಾಗಿರುವವರು. ಬೆಂಗಳೂರಿನಲ್ಲಿ ಕಚೇರಿ ಕೆಲಸವೊಂದು ದೊರೆಯುವುದಿತ್ತು. "ಸರ್, ಮಕ್ಕಳನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಉಳಿದರೆ ಮನೆ ನಡೆಯುವುದಿಲ್ಲ. ಬಿಟ್ಟರೆ ಕಾಯಕವನ್ನೇ ತೊರೆದಂತೆ ಆಗುವುದೇ?" ಎಂದು ಕೇಳಿದರು. ಅಂದು ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅನಂತರ ಯೋಚಿಸಿದಾಗ ತೋರಿದ್ದನ್ನು ಸದ್ಭಕ್ತರ ಮುಂದಿಡುತ್ತಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. 2025-26ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ ಅತಿಥಿ ಶಿಕ್ಷಕರ ಮಾಸಿಕ ಗೌರವಧನವನ್ನು 2,000 ರೂಪಾಯಿ ಹೆಚ್ಚಿಸಲಾಯಿತು. ಅದರಂತೆ ಪ್ರಾಥಮಿಕ ಶಾಲೆಯಲ್ಲಿ 12,000, ಪ್ರೌಢಶಾಲೆಯಲ್ಲಿ 12,500 ರೂಪಾಯಿ. ಇದು ಶೈಕ್ಷಣಿಕ ವರ್ಷಕ್ಕೆ ಸೀಮಿತವಾದ ನೇಮಕ. ಬೇಸಗೆ ರಜೆಗೆ ಗೌರವಧನವಿಲ್ಲ. ಹತ್ತು ತಿಂಗಳ ದುಡಿಮೆಯ 1,25,000 ರೂಪಾಯಿಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 10,400 ರೂಪಾಯಿ. ಅದೇ ಶಾಲೆಯಲ್ಲಿ, ಅದೇ ಪಠ್ಯವನ್ನು ಬೋಧಿಸುವ ಕಾಯಂ ಶಿಕ್ಷಕರ ವೇತನದ ಅರ್ಧಕ್ಕೂ ಇದು ಬಹಳ ಕಡಿಮೆ. ಅನುದಾನರಹಿತ ಖಾಸಗಿ ಶಾಲೆಗಳ ಅನೇಕ ಶಿಕ್ಷಕರ ಸ್ಥಿತಿಯೂ ಇದಕ್ಕಿಂತ ಉತ್ತಮವೇನಲ್ಲ.

ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು. ಕಾಯಂ ಹುದ್ದೆಯವರು ಮಾಡುವ ಕೆಲಸವನ್ನೇ ಮಾಡುತ್ತಿರುವವರಿಗೆ ಆ ಹುದ್ದೆಯ ಕನಿಷ್ಠ ವೇತನಶ್ರೇಣಿಯನ್ನಾದರೂ ಕೊಡಬೇಕೆಂದಿತು. ಸಮಾರಂಭಗಳಲ್ಲಿ ಗುರುಸ್ತುತಿಯ ಶ್ಲೋಕ ಪಠಿಸುವುದಷ್ಟೇ ಸಾಲದು, ಆ ಗೌರವ ನಡೆಯಲ್ಲಿಯೂ ಕಾಣಬೇಕು ಎಂಬ ಭಾವದ ಮಾತನ್ನೂ ಆಡಿತು. ಆ ತೀರ್ಪು ನಮ್ಮ ರಾಜ್ಯದ ಅತಿಥಿ ಶಿಕ್ಷಕರಿಗೆ ನೇರವಾಗಿ ಅನ್ವಯಿಸದು. ಆದರೆ ಪ್ರತಿವರ್ಷ ಶಿಕ್ಷಕರ ದಿನಾಚರಣೆಯಂದು ಶಾಲು ಹೊದಿಸಿ ಕೈತೊಳೆದುಕೊಳ್ಳುವ ನಮ್ಮೆಲ್ಲರಿಗೂ ಆ ಮಾತು ಸಲ್ಲುತ್ತದೆ.

ಇಂತಹ ಸಂದರ್ಭದಲ್ಲಿ ನಾವು ಹಿರಿಯರ ತ್ಯಾಗವನ್ನು ನೆನಪಿಸುವುದುಂಟು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ, ಸಪ್ತರ್ಷಿಗಳೆಂದು ಖ್ಯಾತರಾದ ಏಳು ಮಂದಿ ಶಿಕ್ಷಕರು ಸ್ವಂತ ಲಾಭವನ್ನು ಬದಿಗಿಟ್ಟು ಸಮಾಜಕ್ಕೆ ವಿದ್ಯೆಯ ಬಾಗಿಲು ತೆರೆದರು. ಅವರ ಋಣ ದೊಡ್ಡದು. ಆದರೆ ಆ ತ್ಯಾಗವನ್ನು ಅವರು ತಾವೇ ಆರಿಸಿಕೊಂಡರು; ಸಂಸ್ಥೆಯ ನಿರ್ಧಾರಗಳೂ ಅವರ ಕೈಯಲ್ಲಿದ್ದವು. ಇಂದಿನ ಅತಿಥಿ ಶಿಕ್ಷಕಿಗೆ ಅಂತಹ ಯಾವ ಅಧಿಕಾರವೂ ಇಲ್ಲ. ಮುಂದಿನ ಜೂನ್‌ನಲ್ಲಿ ತನಗೆ ತರಗತಿ ಇರುವುದೋ ಇಲ್ಲವೋ ಎಂಬುದೂ ಆಕೆಗೆ ತಿಳಿಯದು. ತಾನಾಗಿ ಮಾಡಿದ್ದು ತ್ಯಾಗ. ಬೇರೆಯವರು ಹೇರಿದ್ದು ಶೋಷಣೆ.

ಕಾಯಕತತ್ತ್ವವನ್ನು ಇಲ್ಲಿ ಸರಿಯಾಗಿ ಅರಿಯಬೇಕು. ಶರಣರು ದುಡಿಮೆಯನ್ನು ಪೂಜ್ಯವೆಂದರೇ ಹೊರತು ಪುಕ್ಕಟೆ ದುಡಿಮೆಯನ್ನು ಬೋಧಿಸಲಿಲ್ಲ. ಕಾಯಕದ ಫಲದಿಂದ ಮನೆ ನಡೆಯಬೇಕು, ಉಳಿದುದು ದಾಸೋಹಕ್ಕೆ ಸಲ್ಲಬೇಕು. ಮನೆಯೇ ನಡೆಯದಷ್ಟು ಕೊಟ್ಟು ದಾಸೋಹಭಾವವನ್ನು ನಿರೀಕ್ಷಿಸುವುದು ತತ್ತ್ವಕ್ಕೆ ಮಾಡುವ ಅಪಚಾರ. ಆದ್ದರಿಂದ ಆ ತಾಯಿಗೆ ನಾನು ಈಗ ಹೇಳುವ ಉತ್ತರ ಇಷ್ಟು: ಶಾಲೆ ಬಿಟ್ಟರೆ ನೀವು ಕಾಯಕಭ್ರಷ್ಟರಾಗುವುದಿಲ್ಲ. ಪ್ರಾಮಾಣಿಕವಾದ ಯಾವ ದುಡಿಮೆಯೂ ಕಾಯಕವೇ.

ಆದರೂ ನಿರ್ಧರಿಸುವ ಮುನ್ನ ಕೆಲವು ಸಂಗತಿಗಳನ್ನು ತೂಗಿ ನೋಡುವುದು ಲೇಸು. 2021ರ ಕೇಂದ್ರದ ನಿರ್ಧಾರದಂತೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಪ್ರಮಾಣಪತ್ರಕ್ಕೆ ಈಗ ಜೀವನಪರ್ಯಂತ ಮಾನ್ಯತೆಯಿದೆ. ಬೇರೆ ಕೆಲಸಕ್ಕೆ ಹೋದರೂ ಅದು ವ್ಯರ್ಥವಾಗದು. ಆದರೆ ಸರ್ಕಾರಿ ನೇಮಕಾತಿಯ ವಯೋಮಿತಿ ಯಾರಿಗಾಗಿಯೂ ನಿಲ್ಲುವುದಿಲ್ಲ. ಖಾಸಗಿ ಶಾಲೆಯ ಶಿಕ್ಷಕರು ಇನ್ನೊಂದನ್ನು ಗಮನಿಸಬೇಕು. ಗ್ರಾಚ್ಯುಟಿ ಕಾನೂನು ಶಿಕ್ಷಕರಿಗೂ ಅನ್ವಯಿಸುತ್ತದೆಂಬ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಎತ್ತಿಹಿಡಿದಿದೆ. ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಪೂರೈಸಿದವರಿಗೆ ವರ್ಷಕ್ಕೆ ಹದಿನೈದು ದಿನಗಳ ವೇತನದಂತೆ ಅದು ಸಲ್ಲಬೇಕು. ನಾಲ್ಕೂವರೆ ವರ್ಷಕ್ಕೇ ಅವಸರದಿಂದ ರಾಜೀನಾಮೆ ಬರೆದುಕೊಟ್ಟರೆ ನಷ್ಟವಾದೀತು. ಭವಿಷ್ಯನಿಧಿ ಕಟ್ಟಲಾಗುತ್ತಿದೆಯೇ ಎಂಬುದನ್ನೂ ವಿಚಾರಿಸಿ ತಿಳಿಯಬೇಕು.

ಇನ್ನು ನಮ್ಮ ಹೊಣೆ. ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಶಾಲೆಗಳೂ ಈ ಪ್ರಶ್ನೆಯಿಂದ ಹೊರತಲ್ಲ ಎಂಬುದನ್ನು ಕಾರ್ಯದರ್ಶಿಯಾಗಿ ನಾನು ಒಪ್ಪಿಕೊಳ್ಳಲೇಬೇಕು. ಹೊಸ ಕಟ್ಟಡಕ್ಕೆ, ಮಹಾದ್ವಾರಕ್ಕೆ ದಾನಿಗಳು ಸಿಗುತ್ತಾರೆ. ಅವರ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಶಿಕ್ಷಕರ ಏಪ್ರಿಲ್, ಮೇ ತಿಂಗಳ ಸಂಬಳಕ್ಕೆ ದತ್ತಿ ಇಡುವವರು ವಿರಳ. ಜಾತ್ರೆಯ ಒಂದು ದಿನದ ಪ್ರಸಾದಸೇವೆ ವಹಿಸಿಕೊಳ್ಳುವಂತೆ, ಊರಿನ ಹತ್ತು ಕುಟುಂಬಗಳು ಕೂಡಿ ಒಬ್ಬ ಶಿಕ್ಷಕರ ಎರಡು ತಿಂಗಳ ವೇತನವನ್ನು ವಹಿಸಿಕೊಂಡರೆ ಅದೂ ದಾಸೋಹವೇ. 12,500 ರೂಪಾಯಿಯ ಲೆಕ್ಕದಲ್ಲಿ ಪ್ರತಿ ಕುಟುಂಬಕ್ಕೆ ವರ್ಷಕ್ಕೆ 2,500 ರೂಪಾಯಿ. ಇದರಿಂದ ಸರ್ಕಾರದ ಹೊಣೆ ಕಳೆಯುವುದಿಲ್ಲ. ಖಾಲಿ ಹುದ್ದೆಗಳನ್ನು ತುಂಬಬೇಕೆಂದು ಕೇಳುವುದನ್ನೂ ನಾವು ಬಿಡಬಾರದು.

ಆ ಶಿಕ್ಷಕಿ ಇನ್ನೂ ನಿರ್ಧರಿಸಿಲ್ಲ. ಆಕೆ ಹೊರಟುನಿಂತರೆ ತಡೆಯುವ ಅಧಿಕಾರ ನಮಗಿಲ್ಲ. ಉಳಿಯಿರಿ ಎನ್ನುವ ಮುನ್ನ ಉಳಿಯುವಂತೆ ಮಾಡಲು ನಾವೇನು ಕೊಟ್ಟಿದ್ದೇವೆ ಎಂಬುದನ್ನು ಕೇಳಿಕೊಳ್ಳೋಣ.