ಕೋಚ್ ಕೂಡ ಮನುಷ್ಯರೇ

ಗೋವಾದಲ್ಲಿ ನಾವು ಭಾನುವಾರದ ಬಲಿಪೂಜೆಯಷ್ಟೇ ಶ್ರದ್ಧೆಯಿಂದ ಫುಟ್‌ಬಾಲ್ ನೋಡುತ್ತೇವೆ. ಗೆದ್ದರೆ ಆಟಗಾರರನ್ನು ಹೆಗಲ ಮೇಲೆ ಹೊರುತ್ತೇವೆ; ಸೋತರೆ ತಪ್ಪನ್ನೆಲ್ಲ ಕೋಚ್ ತಲೆಗೆ ಕಟ್ಟುತ್ತೇವೆ. ಡೆಂಪೊ ತಂಡಕ್ಕೆ 5 ರಾಷ್ಟ್ರೀಯ ಲೀಗ್ ಪ್ರಶಸ್ತಿ ತಂದುಕೊಟ್ಟವರು ಗೋವಾದವರೇ ಆದ ಆರ್ಮಾಂಡೊ ಕೊಲಾಸೊ. 2011ರಲ್ಲಿ ಭಾರತ ತಂಡದ ಹೊಣೆ ಹೊತ್ತ ಅವರು ಅದೇ ವರ್ಷ ರಾಜೀನಾಮೆ ಕೊಟ್ಟರು. ಅಂಥವರ ಕುರ್ಚಿಯೇ ನಿಲ್ಲದಿದ್ದರೆ, ಕೆಲಸ ಮುಗಿಸಿ ಬಂದು ಸಂಜೆ ನಮ್ಮ ಮಕ್ಕಳಿಗೆ ಆಟ ಕಲಿಸುವವರ ಪಾಡೇನು?

"ಪ್ರಾರ್ಥನೆ ಮಾಡಿ, ಸರಿಹೋಗುತ್ತೆ" ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವುದು ವಿಶ್ವಾಸವಲ್ಲ, ಸೋಮಾರಿತನ. ಕಾರ್ಮೆಲ್ ಬೆಟ್ಟದಲ್ಲಿ ಗೆದ್ದ ಪ್ರವಾದಿ ಎಲೀಯನೇ ಅದರ ಬೆನ್ನಲ್ಲೇ ಸಾವು ಬೇಡಿದ. ದೇವರು ಗದರಿಸಲಿಲ್ಲ, ನಿದ್ದೆ, ರೊಟ್ಟಿ, ನೀರು ಕೊಟ್ಟರು. ಆಮೇಲೆ ಎಲೀಷನನ್ನು ಜೊತೆಗೆ ಕೊಟ್ಟರು.

ನಾವೂ ಅದನ್ನೇ ಮಾಡೋಣ. ಸೋತ ಸಂಜೆ ಕೋಚನ್ನು ಮನೆಗೆ ಊಟಕ್ಕೆ ಕರೆಯೋಣ, ವಾರಕ್ಕೊಂದು ದಿನ ಬಿಡುವು ಕೊಡೋಣ. ನಿದ್ದೆ ಕೆಟ್ಟು, ಮಾತು ಬಿಟ್ಟು ಕೂತಿದ್ದರೆ ಬಾಂಬೋಲಿಮ್‌ನ ಸರ್ಕಾರಿ ಮನೋವೈದ್ಯ ಸಂಸ್ಥೆಗೆ ಜೊತೆಯಲ್ಲೇ ಹೋಗೋಣ. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೂ ಮಾತಾಡಬಹುದು. ಮಂಡಿ ನೋವಿಗೆ ಡಾಕ್ಟರ ಬಳಿ ಓಡುವ ನಾವು, ಮನಸ್ಸಿನ ನೋವಿಗೆ ಹೋಗಲು ನಾಚುವುದೇಕೆ?