ಅಂಕಿ ಎಲ್ಲಿ ಎಂದು ಕೇಳುವವರಿಗೆ

ಐಟಿಐ ವರ್ಕ್‌ಶಾಪಿನಲ್ಲೋ ಸಂಡೂರಿನ ಕಸೂತಿ ಕೇಂದ್ರದಲ್ಲೋ ತಿಂಗಳುಗಟ್ಟಲೆ ಕೂತು, ಕಸುಬು ಕಲಿಯುವ ಬಗೆಯನ್ನು ನೋಡಿ, ಕೇಳಿ, ಬರೆದಿಡುವ ಗುಣಾತ್ಮಕ ಸಂಶೋಧನೆ ನಮ್ಮ ಹೊಸಪೇಟೆ ಸೀಮೆಯಲ್ಲೂ ನಡೆಯಲಿ ಎಂದರೆ ಕೆಲವರು ಮೂಗು ಮುರಿಯುತ್ತಾರೆ.

‘ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಇಷ್ಟು ಗೊತ್ತಾದರೆ ಸಾಲದೇ?’ ಸಾಲದು. ಫಿಟ್ಟರ್ ಟ್ರೇಡಿಗೆ ಹೊಸದಾಗಿ ಸೇರಿದ ಹುಡುಗನನ್ನೇ ನೋಡಿ. ಎರಡು ವರ್ಷದ ಕೋರ್ಸಿನ ಶುರುವಿನಲ್ಲಿ ಅವನಿಗೆ ಸಿಗುವುದು ಒಂದು ಅರ, ವೈಸಿಗೆ ಕಚ್ಚಿಸಿದ ಒಂದು ಕಬ್ಬಿಣದ ತುಂಡು. ಉಜ್ಜುವಾಗ ಹೊಸಬನ ಕೈ ತೊಟ್ಟಿಲಿನಂತೆ ತೂಗುತ್ತದೆ. ಅಂಚುಗಳು ಹೆಚ್ಚು ಸವೆದು ನಡುಭಾಗ ಉಬ್ಬಿಕೊಳ್ಳುತ್ತದೆ. ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಎರಡೂ ಬದಿಯಲ್ಲಿ ಬೆಳಕು ಇಣುಕುತ್ತದೆ. ಇದನ್ನು ಅಳೆಯಬಹುದು, ಅಂಕವನ್ನೂ ಕೊಡಬಹುದು. ಆದರೆ ಕೆಟ್ಟದ್ದು ಎಲ್ಲಿ? ವೈಸ್ ಅವನ ಮೊಣಕೈಗಿಂತ ಎತ್ತರವಿತ್ತೋ, ಕಾಲಿಟ್ಟ ರೀತಿ ಸರಿಯಿರಲಿಲ್ಲವೋ, ಮುಂದಿನ ಕೈಯ ಒತ್ತಡವನ್ನು ಹಿಂದಿನ ಕೈಗೆ ದಾಟಿಸಲು ಬರಲಿಲ್ಲವೋ? ನುರಿತ ಮೇಷ್ಟ್ರು ಅರದ ಸದ್ದಿನಲ್ಲೇ ಇದನ್ನು ಹಿಡಿಯುತ್ತಾರೆ. ಬಂದು ಹುಡುಗನ ಮೊಣಕೈಯನ್ನು ಒಮ್ಮೆ ಒತ್ತಿ ಹೋಗುತ್ತಾರೆ, ಮಾತಿಲ್ಲ. ಪಾಠ ನಡೆದದ್ದು ಆಗ. ಯಾವ ಅಂಕಪಟ್ಟಿಯಲ್ಲೂ ಅದು ಕಾಣುವುದಿಲ್ಲ.

‘ನಾಲ್ಕು ಜನರನ್ನು ಮಾತಾಡಿಸಿ ಬರೆದದ್ದೂ ಸಂಶೋಧನೆಯೇ?’ ಮಾನವಶಾಸ್ತ್ರಜ್ಞೆ ಜೀನ್ ಲೇವ್ ಲೈಬೀರಿಯಾದ ದರ್ಜಿಗಳ ನಡುವೆ ಕೂತು ನೋಡಿದವರು. ಅಲ್ಲಿ ಕಲಿಯುವ ಹುಡುಗ ಮೊದಲು ಗುಂಡಿ ಹಚ್ಚುತ್ತಾನೆ, ಅಂಚು ಮಡಿಚುತ್ತಾನೆ, ಆಮೇಲೆ ಹೊಲಿಗೆ, ಕತ್ತರಿ ಕೈಗೆ ಬರುವುದು ಕೊನೆಗೆ. ತಪ್ಪಿದರೆ ಬಟ್ಟೆಯೇ ಹಾಳಾಗುವ ಕೆಲಸ ಹಿಂದಕ್ಕೆ ಸರಿದಿದೆ. ಎಟಿಯೆನ್ ವೆಂಗರ್ ಜೊತೆ ಅವರು 1991ರಲ್ಲಿ ತಂದ ಪುಸ್ತಕ ಕಲಿಕೆಯ ಬಗ್ಗೆ ಜಗತ್ತಿನ ಯೋಚನೆಯನ್ನೇ ಬದಲಿಸಿತು. ಅದೇ ದರ್ಜಿಗಳಿಗೆ ಪ್ರಶ್ನಾವಳಿ ಹಂಚಿದ್ದರೆ ‘ನೋಡಿ ನೋಡಿ ಕಲಿತೆ’ ಎಂಬ ಉತ್ತರ ಬರುತ್ತಿತ್ತು, ಅಷ್ಟೇ.

ಎಣಿಕೆಯ ಮಿತಿ ನಮ್ಮ ಊರಿನಲ್ಲೇ ಕಂಡಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಲ್ಲಿ ಮೂಡಿದ 1,755 ವಸ್ತುಗಳು ಗಿನ್ನೆಸ್ ದಾಖಲೆ ಸೇರಿದವು. ಹೆಮ್ಮೆಯ ಮಾತೇ. ಆದರೆ ಕೀಲನ್, ವೇಲೆ, ಮಾಕಿ ಎಂದು ಹತ್ತಾರು ಬಗೆಯ ಹೊಲಿಗೆಯಲ್ಲಿ ತಾಂಡಾದ ಹುಡುಗಿಗೆ ಮೊದಲು ಕೈಗೆ ಹತ್ತುವುದು ಯಾವುದು, ತಪ್ಪಿದ್ದನ್ನು ಬಿಚ್ಚಿಸುವವರು ಯಾರು, ಹಾಗೆ ತಿದ್ದುವುದು ಲಂಬಾಣಿ ಮಾತಿನಲ್ಲೋ ಕನ್ನಡದಲ್ಲೋ ಎಂಬುದನ್ನು ಆ 1,755 ಹೇಳುವುದಿಲ್ಲ.

‘ನೋಡುವವರು ಬಂದು ಕೂತರೆ ಹುಡುಗರು ನಾಟಕ ಆಡುತ್ತಾರೆ.’ ಹೌದು, ಮೊದಮೊದಲು ಆಡುತ್ತಾರೆ. ಅದಕ್ಕೇ ತಿಂಗಳುಗಟ್ಟಲೆ ಕೂರಬೇಕು ಎನ್ನುವುದು. ಇನ್‌ಸ್ಪೆಕ್ಷನ್ ದಿನ ನೆಲ ಗುಡಿಸಿ, ಸುಣ್ಣ ಹೊಡೆದು ತೋರಿಸುವ ನಾಟಕಕ್ಕಿಂತ ಇದು ದೊಡ್ಡದೇನಲ್ಲ.

‘ಇಲ್ಲಿ ಕಂಡದ್ದು ಬೀದರಿಗೆ ಹೊಂದುತ್ತದೆಯೇ?’ ಹೊಂದಲಿಕ್ಕಿಲ್ಲ. ಹೊಂದುತ್ತದೆ ಎಂದವರು ಯಾರೂ ಇಲ್ಲ. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಮೇಲ್ದರ್ಜೆಗೇರಿಸಿದ ರಾಜ್ಯದ 150 ಸರ್ಕಾರಿ ಐಟಿಐಗಳು 2022ರಲ್ಲಿ ಲೋಕಾರ್ಪಣೆಯಾದವು. ಅಲ್ಲಿನ ಯಂತ್ರ ಎಲ್ಲ ಕಡೆ ಒಂದೇ ಇರಬಹುದು. ಆದರೆ ಕಂಪ್ಲಿಯ ಭತ್ತದ ಗದ್ದೆಯಲ್ಲಿ ಅಪ್ಪನ ಜೊತೆ ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಬೆಳೆದ ಹುಡುಗನೂ, ಇಂಥದ್ದನ್ನು ಮುಟ್ಟಿಯೇ ನೋಡದ ಹುಡುಗಿಯೂ ಅದರ ಮುಂದೆ ನಿಲ್ಲುವ ರೀತಿ ಒಂದೇ ಅಲ್ಲ. ಮೊದಲ ವಾರದ ಪಾಠ ಇಬ್ಬರಿಗೂ ಒಂದೇ ಆಗಿದ್ದರೆ ಯಾರಿಗೆ ಬೇಸರ, ಯಾರಿಗೆ ಭಯ ಎಂದು ತಿಳಿಯಲು ಅಲ್ಲೇ ಇರಬೇಕು.

‘ಮಾಡುವವರು ಯಾರು, ದುಡ್ಡೆಲ್ಲಿ?’ ಮಗ್ಗುಲಲ್ಲೇ, 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯವಿದೆ. ಊರೂರು ಸುತ್ತಿ ಹಾಡುಗಾರರ ಎದುರು ಕೂತು ಜನಪದ ಮಹಾಕಾವ್ಯಗಳನ್ನು ಬರೆದುಕೊಂಡು ಪ್ರಕಟಿಸಿದ ಸಂಸ್ಥೆ ಅದು. ಆಗ ಅವರನ್ನು ಶೇಕಡಾವಾರು ಎಷ್ಟು ಎಂದು ಯಾರೂ ಕೇಳಲಿಲ್ಲ. ಆ ಕಿವಿ, ಆ ಅಭ್ಯಾಸ ವರ್ಕ್‌ಶಾಪಿಗೂ ಬರಲಿ. ವಿಶ್ವವಿದ್ಯಾಲಯದ ಹತ್ತಿರದ ಕಮಲಾಪುರದಿಂದ ಹೊಸಪೇಟೆಗೆ ಬಸ್ ಚಾರ್ಜು, ಒಂದು ನೋಟ್‌ಬುಕ್ಕು, ಮಾತು ಹಿಡಿದಿಡಲು ಮೊಬೈಲು ಇದ್ದರೆ ಶುರುಮಾಡಬಹುದು. ಮೊಣಕೈ ಒತ್ತಿ ಹೋಗುವ ಮೇಷ್ಟ್ರನ್ನೂ ಸೇರಿಸಿಕೊಳ್ಳಿ. ವಾರಕ್ಕೊಂದು ಪುಟ ಅವರೇ ಬರೆಯಲಿ, ಅದಕ್ಕೆ ಸಂಶೋಧನೆಯಲ್ಲಿ ಅವರ ಹೆಸರೂ ಇರಲಿ.