ಬಯೋದಾಗ ‘ಪಾಟರ್’ ಅಂತ ಯಾಕ ಹಾಕ್ಕೊಂಡಿಲ್ಲ

(1/5)

ಹೋದ ವಾರ ಆ ಓರೆ ಆದ ಕುಡಿಕಿ ಫೋಟೋ ಹಾಕಿದ ಮ್ಯಾಲೆ ನಾಕೈದು ಮಂದಿ ಡಿಎಂ ಮಾಡೀರಿ: “ಬಯೋದಾಗ ‘ಪಾಟರ್’ ಅಂತ ಹಾಕ್ಕೋ, ಮಸ್ತ್ ಕಾಣ್ತೈತಿ.” ಹಾಕ್ಕೊಳ್ಳಂಗಿಲ್ಲ. ಯಾಕ ಅನ್ನೋದು ಒಂದ ಕ್ಯಾಪ್ಷನ್ನಿನಾಗ ಹಿಡಿಯಂಗಿಲ್ಲ, ಅದಕ್ಕ ಐದು ಭಾಗ. ತಾಳ್ಮಿ ಇದ್ದವ್ರು ಓದ್ರಿ. ಇಲ್ದವ್ರು ಲೈಕ್ ಒತ್ತಿ ಮುಂದ ಹೋಗ್ರಿ, ಸಿಟ್ಟೇನಿಲ್ಲ.

ಪಿಯುಸಿ ಮುಗಿದ ಬೇಸಿಗ್ಯಾಗ ಮಣ್ಣು ಕಲಸೋದು ಶುರು ಮಾಡ್ದೆ. ಈಗ ಮೂರು ವರ್ಷ ಆತು. ಈ ಮೂರು ವರ್ಷದಾಗ ಒಡೀದ ಉಳಿದದ್ದು ಹನ್ನೊಂದು ಸಾಮಾನು. ಅದರಾಗ ನೀರು ಸೋರದೇ ಇರೋದು ನಾಕು. ಒಂದರಾಗ ಅವ್ವ ಹುಣಸಿಹಣ್ಣು ಇಟ್ಟಾಳ, ಇನ್ನೊಂದು ನನ್ನ ಪೆನ್ ಸ್ಟ್ಯಾಂಡು. ಉಳಿದವು ಕಪಾಟಿನ ಮ್ಯಾಲೆ ಕೂತು ಬೀಗರನ್ನ ಕಾಯ್ತಾವ. ಯಾರು ಮನಿಗೆ ಬಂದ್ರೂ ಮೊದಲು ಕೇಳೋದು “ಇದನ್ನ ಎಷ್ಟಕ್ಕ ಮಾರ್ತಿ?” ಅಂತ. ಮಾರಂಗಿಲ್ರಿ ಅಂದ್ರ “ಮತ್ತ್ಯಾಕ ಮಾಡ್ತಿ?” ಅಂತಾರ. ನಮ್ಮ ಕಾಕಾ ಅಂತೂ ಪ್ರತಿ ಸಲ ಅದ ಪ್ರಶ್ನೆ, ಅದ ನಗು.

ಖುಷಿಗೆ ಮಾಡ್ತೀನಿ ಕಾಕಾ. ಅಷ್ಟ.

(2/5)

ಆದ್ರ ಒಂದು ಮಾತು. ನಮ್ಮ ಕಡೆ ಮಣ್ಣಿನ ಹವ್ಯಾಸ ವರ್ಕ್‌ಶಾಪಿನಿಂದ ಬಂದದ್ದಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಎಲ್ಲಿ ಹುಟ್ಟಿದವ್ರನ್ನ ಕೇಳಿದ್ರೂ ಮಳೆಗಾಲದ ಹಬ್ಬ ಎಲ್ಲಾ ಮಣ್ಣಿನವ. ಕಾರಹುಣ್ಣಿಮಿ ಆದ ಹದಿನೈದು ದಿನಕ್ಕ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಾಗ ಗುಳ್ಳವ್ವ. ಶ್ರಾವಣದಾಗ ಪಂಚಮಿ ನಾಗಪ್ಪ. ಭಾದ್ರಪದದಾಗ ಗಣಪ, ಅವನ ಬೆನ್ನಿಗೇ ಬೇವಿನ ತಪ್ಪಲದ ಬುಟ್ಟಿಯಾಗ ಕೂತು ಮನಿಮನಿಗೆ ಬರೋ ಜೋಕುಮಾರ. ನಾವು ಸಣ್ಣವ್ರಿದ್ದಾಗ ಹೊಲದ ಎರಿ ಮಣ್ಣು ತಂದು ಎತ್ತು ಮಾಡ್ತಿದ್ವಿ. ಕಿವಿ ಮಾಡೋದು ಸುಲಭ, ಇಣಿ ಮಾಡೋದು ಕಷ್ಟ. ಜೋಳದ ಕಾಳು ಕಣ್ಣು. ನನ್ನ ಎತ್ತು ಯಾವಾಗ್ಲೂ ನಾಯಿ ಹಂಗ ಕಾಣ್ತಿತ್ತು.

ಅಷ್ಟೆಲ್ಲಾ ಮಾಡಿದ್ರೂ ದೇವರ ಜಗಲಿ ಮ್ಯಾಲೆ ಕೂಡ್ತಿದ್ದದ್ದು ಮಾತ್ರ ಕುಂಬಾರರ ಮನಿ ಎತ್ತು. ಅವ್ರು ಮನಿಗೇ ತಂದು ಕೊಡ್ತಿದ್ರು, ಆಯಿ ಮರದಾಗ ಜೋಳ ಹಾಕ್ತಿದ್ಲು. ನಮ್ಮ ಎತ್ತು ಕಟ್ಟಿ ಮ್ಯಾಲೆ ಆಟಕ್ಕ, ಅವ್ರ ಎತ್ತು ಪೂಜಿಗೆ. ಆಟ ಯಾವುದು, ಕೆಲಸ ಯಾವುದು ಅನ್ನೋದು ಆ ಮನ್ಯಾಗ ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳಿ ಕೊಡಬೇಕಾಗಿರಲಿಲ್ಲ. ಈಗ ಎತ್ತಿನ ಜೋಡಿ ಸಂತ್ಯಾಗ ಸಾಲಾಗಿ ಇಟ್ಟು ಮಾರ್ತಾರ. ಜೋಳದ ಬದ್ಲಿ ಫೋನ್‌ಪೇ. ಅದಕ್ಕ ನನ್ನ ತಕರಾರಿಲ್ಲ. ಫೋನ್‌ಪೇ ಇದ್ರ ಕುಂಬಾರರಿಗೂ ಬರಗಾಲದ ವರ್ಷ ಯಾರ ಕಣಜ ತುಂಬೇತಿ ಅಂತ ನೋಡೋ ಗತಿ ಇಲ್ಲ.

(3/5)

ಆಯಿ ಊರು ನವಲಗುಂದ ತಾಲೂಕು. ಮೊದಲ ಬೇಸಿಗಿ ಸೂಟಿ ಅಂದ್ರ ತಿಂಗಳಗಟ್ಲೆ ಅಲ್ಲೇ. ಈಗ ಹೋಗೋದು ಹೆಂಗ ಗೊತ್ತಲ್ಲ: ಹನ್ನೊಂದಕ್ಕ ಕಾರು ಇಳಿಯೋದು, ಹೋಳಿಗಿ ಊಟ, ಒಂದು ಗ್ರೂಪ್ ಫೋಟೋ, ನಾಕಕ್ಕ “ಬರ್ತೀವಿ ಆಯಿ”. ಆಯಿ ಬಾಗಲದಾಗ ನಿಂತು ಕೈ ಮಾಡೋದು. ಹಿಂಗ ಹೋದ್ರ ಮಣ್ಣಿನ ಕೆಲಸ ಕಲಿಯಾಕ ಆಗಂಗಿಲ್ಲ, ಯಾಕಂದ್ರ ಮಣ್ಣು ಒಣಗಾಕ ದಿನ ಬೇಕು. ದಪ್ಪ ಗಡಿಗಿ ನೆರಳಾಗ ವಾರಗಟ್ಲೆ ಕೂಡಬೇಕು. ಬಿಸಲಿಗೆ ಇಟ್ರ ಹೊರಗಿಂದು ಮೊದಲ ಒಣಗಿ ಜಗ್ಗತೈತಿ, ಒಳಗಿಂದು ಇನ್ನೂ ಹಸಿ ಇರತೈತಿ, ಸೀಳತೈತಿ. ಮಣ್ಣಿನ ಸಲುವಾಗಿ ನಾನು ಆಯಿ ಮನ್ಯಾಗ ಎಂಟೆಂಟು ದಿನ ಇರಾಕತ್ತೆ. ಆಯಿಗೆ ಗಡಿಗಿ ಬಗ್ಗೆ ಏನೂ ಆಸಕ್ತಿ ಇಲ್ಲ ಖರೆ. “ಒಡದ್ರ ಒಡೀಲಿ ಬಿಡು, ಇನ್ನೊಂದು ಮಾಡು, ಅಲ್ಲೀತನಕ ಇರ್ತಿ” ಅಂತಿದ್ಲು.

ಅದ ದಿನಗಳಾಗ ಓಣಿ ತುದಿಯ ಕುಂಬಾರ ಅಜ್ಜಾರ ಮನಿಗೆ ಹೋಗಿ ಕೂಡ್ತಿದ್ದೆ. ನಾನು ಎರಿ ಮಣ್ಣಿನಾಗ ಮಾಡಿದ್ದು ಒಡೆಯೋದು ಯಾಕ ಅಂತ ಅವ್ರೇ ತೋರಿಸಿದ್ದು. ಹೊಲಕ್ಕ ಕರಕೊಂಡು ಹೋಗಿ, ಬೇಸಿಗಿಗೆ ಬಿರಿದ ನೆಲದಾಗ ಕೋಲು ಇಳಿಬಿಟ್ಟು “ಈ ಮಣ್ಣ ಹಿಂಗ ಬಿರೀತೈತಿ, ಗಡಿಗಿ ಸುಮ್ನ ಇರತೈತೇನವ್ವಾ?” ಅಂದ್ರು. ಪುಸ್ತಕದಾಗ ಅದಕ್ಕ ಮಾಂಟ್‌ಮೊರಿಲ್ಲೊನೈಟ್ ಅಂತಾರ. ಕಪ್ಪು ಮಣ್ಣಿನಾಗಿರೋ ಈ ಖನಿಜ ನೀರು ಕುಡಿದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ. ಹತ್ತಿಗೆ, ಕಡ್ಲಿಗೆ, ಹಿಂಗಾರಿ ಜೋಳಕ್ಕ ಅದು ಬಂಗಾರ. ಮಳಿ ನಿಂತ ಮ್ಯಾಲೂ ಹಸಿ ಹಿಡಕೊಂಡಿರತೈತಿ. ಗಡಿಗಿಗೆ ಮಾತ್ರ ಅದ ಗುಣ ಕಂಟಕ. ಅದಕ್ಕ ಅಜ್ಜಾರು ಕೆರಿ ಮಣ್ಣು ತಂದು, ಸೋಸಿ, ಉಸುಕು, ಬೂದಿ, ಲದ್ದಿ ಸೇರಿಸಿ ತುಳೀತಾರ. ಉಸುಕು ಕುಗ್ಗೋದನ್ನ ತಡೀತೈತಿ. ಲದ್ದಿ ಬೆಂಕ್ಯಾಗ ಸುಟ್ಟು ಹೋಗಿ ಸಣ್ಣ ಸಣ್ಣ ತೂತು ಬಿಡತೈತಿ. ಆ ತೂತಿನಿಂದ ನೀರು ಹೊರಗ ಬಂದು ಆರೋದ್ರಿಂದಾನ ಹರವಿ ನೀರು ತಣ್ಣಗಾಗೋದು. (ಹೊಳಪಿನ ಗ್ಲೇಜ್ ಹಚ್ಚಿದ ‘ಡಿಸೈನರ್’ ಗಡಿಗಿ ತಂದು ನೀರು ತಣ್ಣಗಾಗವಲ್ದು ಅಂತ ಬೈಯೋ ಮಂದಿಗೆ ಇದನ್ನ ಟ್ಯಾಗ್ ಮಾಡ್ರಿ.)

ಕಲಘಟಗಿ ಕಡೆ ಹೋದ್ರ ಕೆಂಪು ಮಣ್ಣು, ಅಲ್ಲಿ ಹದ ಬ್ಯಾರೆ. ಅಂದ್ರ ಒಂದ ಜಿಲ್ಲೆದಾಗ ಎರಡು ಲೆಕ್ಕ. ಯೂಟ್ಯೂಬ್ ನೋಡಿ ಕಲಿತಿದ್ರ ಇದು ನನಗ ಗೊತ್ತಾಗ್ತಿರಲಿಲ್ಲ. ಅಲ್ಲಿ ಪ್ಯಾಕೆಟ್ ಮಣ್ಣು.

ಸುಟ್ಟ ಗಡಿಗಿನ ಅಜ್ಜಾರು ಬೆರಳಿಲೆ ಬಡಿದು ಕಿವಿ ಕೊಡ್ತಾರ. ಠಣ್ ಅಂದ್ರ ಪಾಸ್, ಬೊದ್ ಅಂದ್ರ ಎಲ್ಲೋ ಸೀಳೈತಿ. ಕುಂಬಾರ ಗುಂಡಯ್ಯ ಗಡಿಗಿ ಬಡಿಯೋ ಸಪ್ಪಳಕ್ಕ ಶಿವ ಬಂದು ಕುಣಿದ ಅಂತ ಹರಿಹರ ರಗಳೆದಾಗ ಬರದಾನ. ನನ್ನ ಗಡಿಗಿ ಸಪ್ಪಳಕ್ಕ ಅಜ್ಜಾರ ಮನಿ ಬೆಕ್ಕು ಎದ್ದು ಹೋತು.

(4/5)

ಈಗ ಮುಖ್ಯ ಮಾತಿಗೆ ಬರ್ತೀನಿ.

ಹೈಸ್ಕೂಲಿನಾಗ ನಮ್ಮ ಕ್ಲಾಸಿನಾಗ ಒಬ್ಬಾಕಿ ಇದ್ಲು, ಕುಂಬಾರರ ಮನಿಯಾಕಿ. ಹೆಸರು ಹೇಳಂಗಿಲ್ಲ, ಆಕಿನ ಕೇಳೇ ಇದನ್ನ ಬರ್ಯಾಕತ್ತೀನಿ. ಮುಂಜಾನೆ ಮಣ್ಣು ತುಳದು ಸಾಲಿಗೆ ಬಂದ್ರ ಉಗುರಿನಾಗ ಮಣ್ಣು ಉಳೀತಿತ್ತು. ಹುಡುಗ್ರು ನಕ್ಕೋತ ಏನೇನು ಅಂತಿದ್ರು ಅಂತ ಆ ಕ್ಲಾಸಿನವ್ರಿಗೆ ನೆನಪೈತಿ. ನಮ್ಮ ಬ್ಯಾಚಿನವ್ರು ಭಾಳ ಮಂದಿ ನನ್ನ ಫಾಲೋ ಮಾಡ್ತೀರಿ. ನನ್ನ ಮಣ್ಣಿನ ಕೈ ಫೋಟೋಕ್ಕ ಹಾರ್ಟ್ ಹಾಕಿದವ್ರಾಗ ಆ ಹುಡುಗ್ರೂ ಅದಾರ. ಮಣ್ಣು ಅದ, ಉಗುರು ಬ್ಯಾರೆ.

ಆಕಿ ಈಗ ಹುಬ್ಬಳ್ಳಿಯಾಗ ನರ್ಸಿಂಗ್ ಓದ್ತಾಳ. ಪಂಚಮಿಗೆ ಊರಿಗೆ ಬಂದಾಗ ಜೋಕಾಲಿ ಹತ್ರ ಸಿಕ್ಳು. ನನ್ನ ಪೋಸ್ಟ್ ನೋಡ್ತಾಳಂತ. ಸಿಟ್ಟಿಲೆ ಅಲ್ಲ, ಆರಾಮ ಹೇಳಿದ್ಲು: “ನೀ ನಾಳೆ ಇದನ್ನ ಬಿಟ್ರ ಬ್ಯಾಸರ ಆತು ಅಂತಾರ, ಬ್ಯಾರೆ ಏನರ ಹಿಡೀತಿ. ನಮ್ಮಪ್ಪ ಬಿಡಬೇಕಂದ್ರ ಮೊದಲ ಬ್ಯಾರೆ ದುಡಿಮಿ ಹುಡುಕಬೇಕು. ಆಂವ ಅರವತ್ತರಾಗ ಎಲ್ಲಿ ಹುಡುಕ್ಯಾನ?” ಆಮ್ಯಾಲೆ ಉಂಡಿ ಕೊಟ್ಲು, ಶೇಂಗಾದ್ದು. ಅಳ್ಳಿಟ್ಟೂ ಕೊಟ್ಲು.

ಬಯೋದಾಗ ಆ ಪದ ಯಾಕಿಲ್ಲ ಅಂದ್ರ ಇದಕ್ಕ. ನಾನು ಬೇಕಾದಾಗ ಬಿಡಬಹುದು. ಮಳಿ ಬಂದು ಆವಿಗಿ ತೊಯ್ದ್ರ ನನಗ ಒಂದು ರೀಲ್ ಹೋತು, ಅವ್ರಿಗೆ ಒಂದು ತಿಂಗಳ ದುಡಿಮಿ ಹೋತು. ಇಬ್ಬರಿಗೂ ಒಂದ ಹೆಸರು ಹಾಕಿದ್ರ ಲೆಕ್ಕ ಕೂಡಂಗಿಲ್ಲ. ಜಾತಿ ಹೆಸರಿಡದು ಬೈಸಿಕೊಂಡದ್ದು ಆಕಿ. ‘ಅರ್ದಿ, ಈಸ್ತೆಟಿಕ್’ ಅನಿಸಿಕೊಂಡದ್ದು ನಾನು. “ಕಲೆಗೆ ಜಾತಿ ಇಲ್ಲ” ಅಂತ ಕಮೆಂಟ್ ಬರತೈತಿ ಈಗ, ಗೊತ್ತೈತಿ. ಮಣ್ಣಿಗೆ ಇಲ್ಲ, ಒಪ್ಪಿದೆ. ಸಂತ್ಯಾಗ ಚೌಕಾಶಿ ಮಾಡೋ ನಾಲಿಗಿಗೆ ಐತಿ.

ಹಂಗಂತ ನಾವು ಯಾರೂ ಮಣ್ಣು ಮುಟ್ಟಬಾರದು ಅಂತ ನಾ ಹೇಳವಲ್ಲೆ. ಆಕಿನೂ ಹಂಗ ಹೇಳ್ಲಿಲ್ಲ. ಮಣ್ಣೆತ್ತು ಮಾಡಿ ಬೆಳೆದ ಮಕ್ಕಳು ನಾವು, ಮುಟ್ಟೇ ಮುಟ್ತೀವಿ. ಅಜ್ಜಾರು ಸತೇಕ ನಾನು ಹೋದ್ರ ಖುಷಿ ಪಡ್ತಾರ, ತಿಗರಿ ಮುಂದ ಕೂಡಸ್ತಾರ. ಅವ್ರ ಮಕ್ಕಳ್ಯಾರೂ ಕೂಡಂಗಿಲ್ಲ ಈಗ.

(5/5)

ನೀವೂ ಶುರು ಮಾಡಬೇಕು ಅಂತಿದ್ರ ಮಾಡ್ರಿ. ನನ್ನ ಕಡೆಯಿಂದ ಎರಡ ಮಾತು.

ಎರಡು ತಾಸಿನ ಸಿಟಿ ವರ್ಕ್‌ಶಾಪಿಗೆ ಸಾವಿರ ರೂಪಾಯಿ ಕೊಟ್ಟು ಬಂದು, ಸಂತ್ಯಾಗ ನೂರೈವತ್ತರ ಹರವಿಗೆ “ನೂರಕ್ಕ ಕೊಡ ಅಜ್ಜಾ” ಅನಬ್ಯಾಡ್ರಿ. ಊರಾಗಿನವ್ರ ಹತ್ರ ಕಲಿತ್ರ ಕಲಿಸಿದ್ದಕ್ಕ ರೊಕ್ಕ ಕೊಡ್ರಿ. ಅವ್ರು ಬ್ಯಾಡ ಅಂತಾರ, ಆದ್ರೂ ಕೊಡ್ರಿ. ನಾನು ಮೊದಲ ದಿನದಿಂದ ಕೊಡ್ತೀನಿ; ಅಜ್ಜಾರು ತಗೊಳ್ಳಂಗಿಲ್ಲ, ಅಮ್ಮಾರು ಹಿಂದಿನ ಬಾಗಲದಿಂದ ಬಂದು ತಗೋತಾರ. ವಿಡಿಯೋ ಮಾಡೋ ಮೊದಲು ಕೇಳ್ರಿ. ಮನಿಯವ್ರು ಮೈತುಂಬ ಮಣ್ಣು ಮಾಡ್ಕೊಂಡು ಕುಂತಿರ್ತಾರ, ಎಲ್ಲಾರಿಗೂ ಹಂಗ ಕಾಣಿಸ್ಕೊಳ್ಳೋದು ಸೇರಂಗಿಲ್ಲ.

ಪೂರಾ ಕಲಿಯೋ ಮನಸ್ಸಿದ್ರ ಬೆಳಗಾವಿ ಜಿಲ್ಲೆ ಖಾನಾಪುರದಾಗ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಐತಿ. ಇದ ಆಯೋಗ 2018ರಿಂದ ಕರೆಂಟ್ ತಿಗರಿ ಕೊಡೋ ಯೋಜನೆನೂ ನಡಸತೈತಿ, ಅದು ಕುಂಬಾರರ ಮನಿತನಗಳಿಗೆ. ನಿಮ್ಮ ಓಣ್ಯಾಗ ಯಾರಾದ್ರೂ ಇನ್ನೂ ಕೋಲಿಲೆ ತಿಗರಿ ತಿರಗಸ್ತಿದ್ರ ಅರ್ಜಿ ತುಂಬಾಕ ಒಂದು ತಾಸು ಕೂಡ್ರಿ ಅವ್ರ ಜೋಡಿ. ಫಾರ್ಮ್ ಅಪ್‌ಲೋಡ್ ಮಾಡೋದು ನಮಗ ಎರಡು ನಿಮಿಷದ ಕೆಲಸ.

ಮುಂದಿನ ಅಮಾವಾಸ್ಯೆಗೆ ಆಯಿ ಊರಿಗೆ ಎಂಟು ದಿನ ಹೊಂಟೀನಿ. ಈ ಸಲ ಎತ್ತಿನ ಇಣಿ ಕಲಿಯೋದು ಐತಿ.

ನಿಮ್ಮೂರಾಗ ಗಡಿಗಿ ಮಾಡೋ ಮನಿ ಇನ್ನೂ ಐತೇನು? ಅವ್ರ ಹೆಸರು, ಫೋಟೋ ಬ್ಯಾಡ. ಊರ ಹೆಸರಷ್ಟ ಕಮೆಂಟಿನಾಗ ಬರೀರಿ, ಯಾವ ದಿನ ಸಂತಿ ಅನ್ನೋದನ್ನೂ.

#ಮಣ್ಣೆತ್ತಿನಅಮಾವಾಸ್ಯೆ #ಎರಿಮಣ್ಣು #ಆಯಿಊರು